ಭಾನುವಾರದ ಬುದ್ಧಿ

ನಂಜುಮಳಿಗೆ ಸರ್ಕಲ್ಲಿನ ಹಿಂದೆ
ಸೈಕಲ್ ಶಾಪಿಗೂ ಹಿಟ್ಟಿನ ಗಿರಣಿಗೂ ನಡುವೆ
ಇನಾಯತ್ ಸಾಬರ ವಿಡಿಯೋ ಗೇಮ್ ಅಂಗಡಿ.
ಮೂರು ಪೆಟ್ಟಿಗೆ, ಒಂದು ಸ್ಟೂಲು.
ಗಿರಣಿಯ ಹಿಟ್ಟು ಹಾರಿ ಬಂದು ಗಾಜಿನ ಮೇಲೆ ಕೂತು
ಒಳಗಿನವರೆಲ್ಲ ಸದಾ ಮಂಜಿನಲ್ಲೇ ಬಡಿದಾಡುತ್ತಿದ್ದರು.
ನಾನು ಗಾಜು ಒರೆಸುವವನು, ಚಿಲ್ಲರೆ ಕೊಡುವವನು,
ಶನಿವಾರ ರಾತ್ರಿ ಷಟರ್ ಅರ್ಧ ಇಳಿಸಿದ ಮೇಲೆ
ಪೆಟ್ಟಿಗೆಯ ಬೆನ್ನು ಬಿಚ್ಚಿ ಟಾರ್ಚು ಹಿಡಿಯುವವನು.

ಹಸಿರು ಹಲಗೆಯ ಮೇಲೆ ಎಂಟು ಸ್ವಿಚ್ಚು,
ಅಕ್ಕಿಕಾಳಿನಷ್ಟು ಬಿಳಿ.
ಸಾಬರು ಸ್ಕ್ರೂಡ್ರೈವರ್ ತುದಿಯಿಂದ ಎರಡನ್ನು ಮೇಲಕ್ಕೆ ತಳ್ಳಿ
"ನಾಳೆ ಭಾನುವಾರ,
ಇವನಿಗೆ ಸ್ವಲ್ಪ ಬುದ್ಧಿ ಜಾಸ್ತಿ ಇರಲಿ" ಅನ್ನುವರು.
ಸೋಮವಾರ ಮತ್ತೆ ಕೆಳಕ್ಕೆ.
ಹೀಗೆ ವಾರಕ್ಕೊಮ್ಮೆ ಜಾಣ, ವಾರಕ್ಕೊಮ್ಮೆ ದಡ್ಡ
ಕೆಂಪು ಚಡ್ಡಿಯ ಆ ಎದುರಾಳಿ.
ಅವನಿಗೊಂದು ಇಂಗ್ಲಿಷ್ ಹೆಸರಿತ್ತು. ನಮಗೆ ಅವನು ಕೆಂಚ.

ನಾವು ಒದೆಯುವ ಮೊದಲೇ ಕೆಂಚ ತಡೆದಿರುತ್ತಿದ್ದ.
ಮನಸ್ಸು ಓದ್ತಾನೆ ಕಣೋ, ಅಂತ ಹುಡುಗರು.
ಯುವರಾಜ ಕಾಲೇಜಿನ ಗಣಿತದವನೊಬ್ಬ
ಐದು ರೂಪಾಯಿ ಕಳೆದುಕೊಂಡು, ಬೆವರೊರೆಸಿಕೊಂಡು
"ಇದಕ್ಕೇ ಕೃತಕ ಬುದ್ಧಿ ಅನ್ನೋದು" ಅಂದ.
ಕೃತಕ ಅಂದರೆ ನನಗೆ ಗೊತ್ತಿದ್ದದ್ದು
ಅಜ್ಜಿಯ ಹಲ್ಲಿನ ಸೆಟ್ಟು ಮಾತ್ರ.
ರಾತ್ರಿಯೆಲ್ಲ ಲೋಟದ ನೀರಿನಲ್ಲಿ
ಅದು ಅಜ್ಜಿಯಿಲ್ಲದೆ ನಗುತ್ತಿತ್ತು.

ಒಂದು ದಿನ ರಾಗಿ ಬೀಸಲು ಕೊಟ್ಟು
ಕಾಯುತ್ತ ಒಳಗೆ ಬಂದರು ಗರಡಿಯ ಜವರಪ್ಪನವರು.
ಕಿವಿ ಎರಡೂ ಒಣ ಅಂಜೂರದ ಹಾಗೆ ಮುದುಡಿ,
ಮೊಣಕೈ ಸಂದಿನಲ್ಲಿ ಇನ್ನೂ ಮಟ್ಟಿಯ ಕೆಮ್ಮಣ್ಣು.
ಕೆಂಚನನ್ನು ಅರ್ಧ ಗಂಟೆ ನೋಡಿದರು.
ನಾನು ಸುಮ್ಮನಿರದೆ ಕೇಳಿದೆ:
"ನಿಮ್ಮ ಹುಡುಗರಿಗೂ ಹೀಗೇ ತಾನೇ?
ಕುತ್ತಿಗೆಗೆ ಬಂದರೆ ಹೀಗೆ ತಿರುಗು, ಕಾಲು ಕೊಟ್ಟರೆ ಹೀಗೆ ಎಳಿ,
ಸಾವಿರ ಸಲ.
ಅಖಾಡದಲ್ಲಿ ಯೋಚನೆ ಮಾಡಿದವನು ಮಣ್ಣು ಮುಕ್ತಾನೆ ಅಂತೀರಲ್ಲ,
ಕೆಂಚನಿಗಿರೋದೂ ಅದೇ ಅಲ್ವಾ?"

"ಇರಬೌದು" ಅಂದರು, ಬೇಸರವಿಲ್ಲದೆ.
"ಆದರೆ ಇವನು ನಿನ್ನ ಕೈ ನೋಡ್ತಾನೆ ಕಣ್ಲಾ,
ನಿನ್ನನ್ನಲ್ಲ."

ನನ್ನಿಂದಲೇ ಒಂದು ರೂಪಾಯಿ ಇಸಕೊಂಡು ಹಾಕಿದರು.
ಶುರುವಿನ ಬಟನ್ ಒತ್ತಿ
ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತರು.
ಕೆಂಚ ಬಂದ. ಒಂದು ಹೆಜ್ಜೆ ಮುಂದೆ.
ಒಂದು ಹೆಜ್ಜೆ ಹಿಂದೆ. ಮತ್ತೆ ಮುಂದೆ.
ತಡೆಯಲು ಒದೆತವಿಲ್ಲ, ತಪ್ಪಿಸಿಕೊಳ್ಳಲು ಗುದ್ದಿಲ್ಲ,
ಹೆಣ್ಣು ನೋಡಲು ಬಂದು
ಚಪ್ಪಲಿ ಎಲ್ಲಿ ಬಿಡಬೇಕೆಂದು ತಿಳಿಯದವನ ಹಾಗೆ
ತೊಂಬತ್ತೊಂಬತ್ತರಿಂದ ಸೊನ್ನೆಯವರೆಗೂ.
ಗಿರಣಿಯ ಬೆಲ್ಟು ನಿಂತಿತು.
ಜವರಪ್ಪನವರು ಬಗ್ಗಿ ಪೆಟ್ಟಿಗೆಯ ಬುಡ ಮುಟ್ಟಿ
ಬೆರಳು ಹಣೆಗೊತ್ತಿಕೊಂಡು
ಹಿಟ್ಟು ತರಲು ಹೋದರು.

"ಅದೆಲ್ಲ ಎಐ ಅಲ್ಲಪ್ಪ,
ಬರೀ ಹೀಗಾದರೆ ಹಾಗೆ" ಅಂತ ನಗುತ್ತಾಳೆ ಮಗಳು ಇಂಚರ.
ಅವಳ ಫೋನಿನಲ್ಲಿರುವುದೇ ನಿಜವಾದದ್ದಂತೆ,
ಕೇಳಿದ್ದಕ್ಕೆಲ್ಲ ಉತ್ತರ, ತಡವರಿಸದೆ.
ಇರಬೌದು, ನಾನೂ ಅಂದೆ.
ಮಗ್ಗಿ ಹೇಳುವುದೇ ಬುದ್ಧಿ ಅಂದಿದ್ದರು,
ಕಿರಾಣಿ ಅಂಗಡಿಗೆ ಕ್ಯಾಲ್ಕುಲೇಟರ್ ಬಂದ ಮೇಲೆ ಅಲ್ಲ ಅಂದರು.
ಚದುರಂಗ ಅಂದಿದ್ದರು, ಅದೂ ಅಲ್ಲವಾಯಿತು.
ಗೆರೆ ಎಳೆಯುವವರ ಕೈಯಲ್ಲೇ ಸೀಮೆಸುಣ್ಣ ಇದೆ,
ನಾಳೆ ಇವಳ ಫೋನನ್ನೂ ಆಚೆಗೆ ಬಿಟ್ಟಾರು.

ನನಗೆ ಗೊತ್ತಿರುವುದು ಇಷ್ಟೇ.
ಕೆಂಚ ಗೆದ್ದ ಭಾನುವಾರಗಳಲ್ಲಿ ಪೆಟ್ಟಿಗೆಯೊಳಗೆ ಯಾರೂ ಇರಲಿಲ್ಲ,
ನಾನೇ ಬೆನ್ನು ಬಿಚ್ಚಿ ನೋಡಿದ್ದೇನೆ.
ಅವನು ಏನೂ ತೋಚದೆ ಅಡ್ಡಾಡಿದಾಗ ಮಾತ್ರ
ಗಾಜು ಒರೆಸಿ ಹತ್ತಿರ ಹೋದೆ.

ಆ ಶನಿವಾರ ಸಾಬರು ಸ್ಕ್ರೂಡ್ರೈವರ್ ಕೇಳಿದರು.
ಕಾಣಿಸ್ತಿಲ್ಲ ಅಂದೆ.
ನನ್ನ ಜೇಬಿನಲ್ಲಿತ್ತು.